ಹಿಂದಿನ ಸೀಟು ಎತ್ತರ ಇದ್ದ ಗಾಡಿ

ಬೇವೂರಿನ ದೀಪಗಳು ಇನ್ನೇನು ಕಾಣಬೇಕು, ಅಷ್ಟರಲ್ಲಿ ಗಾಡಿ ನಿಂತಿತು.

ಕೆಮ್ಮಲಿಲ್ಲ. ಜಗ್ಗಲಿಲ್ಲ. ಚಿಮಣಿ ದೀಪವನ್ನು ಯಾರೋ ಬಾಯಿಂದ ಊದಿದ ಹಾಗೆ… ಆರಿತು.

ಗಾಳೇಶ ಬಟನ್ ಒತ್ತಿದ. ಚಕ್… ಚಕ್… ಚಕ್. ಪೆಟ್ರೋಲು ಸಂಜೆಯಷ್ಟೇ ಕೊಪ್ಪಳದಲ್ಲಿ ಹಾಕಿಸಿದ್ದ. ಬ್ಯಾಟರಿ ಹೊಸದು. ಗಾಡಿಯೇ ಹೊಸದು, ಪೂಜೆಯ ದಿನ ಹ್ಯಾಂಡಲಿಗೆ ಕಟ್ಟಿದ ನಿಂಬೆಹಣ್ಣು ಒಣಗಿ ಕರಿ ಗೋಲಿಯಾಗಿತ್ತು, ಇನ್ನೂ ಉದುರಿರಲಿಲ್ಲ.

ಇದು ಕಟ್ಟಿದ ಕತೆಯಲ್ಲ. ಗಾಳೇಶ ನಮ್ಮವನೇ, ದೊಡ್ಡಪ್ಪನ ಮಗ. ಊರು ಬೇವೂರು, ಕೊಪ್ಪಳದ ಕೋರ್ಟಿನಲ್ಲಿ ಟೈಪಿಸ್ಟು. ಇದನ್ನು ಒಂದೇ ಸಲ ಹೇಳಿದ್ದಾನೆ, ಕರೆಂಟು ಹೋದ ರಾತ್ರಿ, ಮಾಳಿಗೆಯ ಮೇಲೆ. ಕತ್ತಲಲ್ಲಿ ಯಾರಿಗೂ ಮುಖ ಕಾಣುವುದಿಲ್ಲ ಎಂಬ ಧೈರ್ಯಕ್ಕೆ ಹೇಳಿದ.

ಇಳಿದು ದಬ್ಬತೊಡಗಿದ. ರಸ್ತೆಯ ಎಡಕ್ಕೆ ಹಳೆಯ ಬಾವಿ, ಬಾವಿಯ ಮೇಲೆ ಬಾಗಿದ ಆಲದ ಮರ. ನಾಯಿ ಇಲ್ಲ. ಗಾಳಿ ಇಲ್ಲ. ಚೈನಿನ ಸಪ್ಪಳ ಒಂದೇ… ಟಿಕ್, ಟಿಕ್, ಟಿಕ್.

ಬಾವಿಯ ಕಟ್ಟೆಯ ಪಕ್ಕಕ್ಕೆ ಬಂದಾಗ ಗಾಡಿ ಭಾರವಾಯಿತು.

ಅಲ್ಲಿ ಏರಿಲ್ಲ. ಸಪಾಟು ರಸ್ತೆ. ಆದರೂ ಹಿಂದಿನ ಸ್ಪ್ರಿಂಗು 'ಗಿಚ್' ಅಂದು ಕುಸಿಯಿತು. ಒಮ್ಮೆಲೇ ಅಲ್ಲ… ನಿಧಾನವಾಗಿ. ಕಟ್ಟೆಯ ಮೇಲೆ ಕಾಲಿಟ್ಟು ಯಾರೋ ಅಂಜುತ್ತ ಅಂಜುತ್ತ ಹತ್ತಿ ಕೂತ ಹಾಗೆ. ಗಾಡಿ ಎಡಕ್ಕೆ ವಾಲಿತು. ಆಮೇಲೆ… ಟಣ್.

ಗೆಜ್ಜೆಯಲ್ಲ. ಬಳೆಯಲ್ಲ. ಸ್ಟೀಲ್ ಡಬ್ಬಿಯ ಸಡಿಲ ಮುಚ್ಚಳ, ಚೀಲದೊಳಗೆ ಅಲುಗಿದಾಗ ಬರುವ ಸಪ್ಪಳ. ಅದರ ಬೆನ್ನಿಗೇ ಬೇಳೆ ಸಾರಿನ ವಾಸನೆ. ಬೆಳ್ಳುಳ್ಳಿ ಸ್ವಲ್ಪ ಹೆಚ್ಚೇ ಬಿದ್ದ ಸಾರು.

ಹಿಂದಿನಿಂದ ಪಿಸುಮಾತು ಬಂತು.

"ಸೆರಗ ಸುತ್ತಿಕೊಂಡೀನಿ ಗಾಳ್ಯಾ… ನಡಿ."

ಆ ಮಾತನ್ನು ಅವನು ಮೊದಲೂ ಕೇಳಿದ್ದ. ಅದನ್ನು ಹೇಳಿದವಳು ತೀರಿಕೊಂಡು ದಿನಕರ್ಮ ಮುಗಿದಿತ್ತು.

ಉಡಚಮ್ಮ ಅವನ ಚಿಗವ್ವ, ತಾಯಿ ಹುಲಿಗವ್ವನ ತಂಗಿ. ಗಂಡ ಹೋದ ಮೇಲೆ ಅಕ್ಕನ ಮನೆಯಲ್ಲೇ ಇದ್ದಳು. ಕೊಪ್ಪಳದ ದಾರಿಯ ಒಂದು ಕ್ರಾಸಿನ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಗಾಳೇಶ ಕೋರ್ಟಿಗೆ ಹೋಗುವಾಗ ಅವಳನ್ನು ಅಪ್ಪನ ಹಳೆಯ ಗಾಡಿಯ ಮೇಲೆ ಕೂರಿಸಿಕೊಂಡು ಹೋಗಿ ಕ್ರಾಸಿನಲ್ಲಿ ಇಳಿಸುತ್ತಿದ್ದ. ಮಧ್ಯಾಹ್ನ ಅವಳು ಟಂಟಂ ಆಟೋ ಸಿಕ್ಕರೆ ಟಂಟಂ, ಇಲ್ಲದಿದ್ದರೆ ಯಾರಾದರೂ ಹತ್ತಿಸಿಕೊಂಡವರ ಗಾಡಿ ಹಿಡಿದು ಬರುತ್ತಿದ್ದಳು. ಗಾಳೇಶನ ಹಿಂದೆ ಎಡಕ್ಕೆ ಮುಖ ಮಾಡಿ, ಚೀಲ ತೊಡೆಯ ಮೇಲಿಟ್ಟು ಕೂರುವಳು. ಅವನ ಭುಜ ಮಾತ್ರ ಹಿಡಿಯುತ್ತಿರಲಿಲ್ಲ. "ಇಸ್ತ್ರಿ ಅಂಗಿ, ಸುಕ್ಕಾಗ್ತೈತಿ" ಅನ್ನುವಳು. ಸೀಟಿನ ಹಿಂದಿನ ಕಂಬಿ ಹಿಡಿಯುವಳು.

ಹಳೆಯ ಗಾಡಿ ಹೊಗೆ ಬಿಡತೊಡಗಿತು. ಹೊಸದು ನೋಡಲು ಕೊಪ್ಪಳದ ಶೋರೂಮಿಗೆ ಹೋದಾಗ ಗೆಳೆಯ ಹನಮೇಶ ಜೊತೆಗಿದ್ದ. ಉಡಚಮ್ಮ ತಾನೂ ಬರುತ್ತೇನೆಂದು ಹೊರಟಿದ್ದಳು, ಹೊಸ ಸೀರೆ ಉಟ್ಟು.

"ದಿನಾ ಅಡ್ಡಾಡಾಕ ಬೇಕೇನ್ರಿ, ಸಂಡೆ ಮಜಾಕ ಬೇಕೇನ್ರಿ?" ಅಂದ ಸೇಲ್ಸಿನ ಹುಡುಗ.

"ಎರಡಕ್ಕೂ," ಅಂದ ಗಾಳೇಶ.

"ಎರಡಕ್ಕೂ ಒಂದ ಅಂದ್ರ ಕಷ್ಟ ಆಗ್ತೈತ್ರಿ ಸರ್."

"ಯಾಕಪಾ," ಅಂದಳು ಉಡಚಮ್ಮ, "ನನ್ನ ಸಾರಿನ್ಯಾಗ ಹುಳಿನೂ ಇರ್ತೈತಿ, ಖಾರಾನೂ ಇರ್ತೈತಿ. ಮಕ್ಕಳು ಉಣ್ಣಾಂಗಿಲ್ಲೇನು?"

ಎರಡು ಗಾಡಿ ಉಳಿದವು. ಒಂದು ಕಪ್ಪು, ತಗ್ಗು. ಸೀಟು ಮಂಚದ ಹಾಗೆ ಉದ್ದ, ಸಪಾಟು. ಪೆಟ್ರೋಲು ಮೂಸಿ ನೋಡಿದರೆ ಸಾಕು, ಓಡುತ್ತದೆ ಅಂದ ಹುಡುಗ. ಇನ್ನೊಂದು ಕಿತ್ತಳೆ ಬಣ್ಣದ್ದು, ಎತ್ತರ. ಮುಂದಿನ ಸೀಟು ಬೇರೆ, ಹಿಂದಿನದು ಬೇರೆ, ಹಿಂದಿನದು ಚೇಳಿನ ಬಾಲದ ಹಾಗೆ ಮೇಲೆದ್ದದ್ದು. ಆನೆಗೊಂದಿಯ ಬಂಡೆಗಳ ನಡುವಿನ ರಸ್ತೆಯಲ್ಲಿ ಅಂಥ ಗಾಡಿ ತಿರುವುವ ಹುಡುಗರನ್ನು ಗಾಳೇಶ ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದ.

ಉಡಚಮ್ಮ ಕಪ್ಪು ಗಾಡಿಯ ಮೇಲೆ ಕೂತು ನೋಡಿದಳು. ಕಾಲು ಪಾದಪಟ್ಟಿಗೆ ಸರಿಯಾಗಿ ಮುಟ್ಟಿತು. ಕಿತ್ತಳೆ ಗಾಡಿಗೆ ಎರಡು ಸಲ ಜಿಗಿದಳು. ಆಗಲಿಲ್ಲ.

"ಚಿಗವ್ವಾ, ಏಣಿ ತರಸೂಣೇನು?" ಅಂದ ಹನಮೇಶ.

"ಏಣಿ ಬ್ಯಾಡಪಾ. ಒಂದ ಕಲ್ಲ ಇದ್ರ ಸಾಕು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಗಾಳೇಶ ಕಿತ್ತಳೆ ಗಾಡಿಗೆ ಮುಂಗಡ ಕೊಟ್ಟ.

ಗಾಡಿ ಮನೆಗೆ ಬಂದ ಮರುದಿನ ಬೆಳಗ್ಗೆ ಅಂಗಳಕ್ಕೆ ಬಂದರೆ ಅದರ ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಉಡಚಮ್ಮ, ಚೀಲ ಹಿಡಿದು, ತಯಾರಾಗಿ ನಿಂತಿದ್ದಳು. ಆ ದಿನ ಕೂರಿಸಿಕೊಂಡು ಹೋದ. ಕ್ರಾಸಿನಲ್ಲಿ ಕೋರ್ಟಿನ ಜೊತೆಗಾರರು ಎದುರಾದರು. ಯಾರೂ ಏನೂ ಅನ್ನಲಿಲ್ಲ. ಒಬ್ಬ ಮಾತ್ರ ಎತ್ತರದ ಸೀಟಿನ ಮೇಲೆ ಸಾರಿನ ಡಬ್ಬಿ ಅವುಚಿ ಕೂತ ಹೆಂಗಸನ್ನು ನೋಡಿ ಮೀಸೆಯಡಿ ನಕ್ಕ. ಅಷ್ಟೇ.

ಆ ವಾರವೇ ಗಾಳೇಶ ಹಿಂದಿನ ಗಾಲಿಗಿದ್ದ ಸೀರೆ ಗಾರ್ಡು ಬಿಚ್ಚಿಸಿದ. ಫೋಟೋದಲ್ಲಿ ಅದು ಛಲೋ ಕಾಣುವುದಿಲ್ಲ ಎಂದು ಹನಮೇಶನಿಗೆ ಹೇಳಿದ. ಚಿಗವ್ವನಿಗೆ ಬೇರೆ ಹೇಳಿದ.

"ಈ ಗಾಡಿಗೆ ಸೀರಿ ಗಾರ್ಡ್ ಬರಾಂಗಿಲ್ಲ ಚಿಗವ್ವಾ. ಶೋರೂಮಿನವರು ಬಿಚ್ಚಿಕೊಂಡಾರ. ಸೆರಗ ಗಾಲ್ಯಾಗ ಸಿಕ್ಕೊಂಡ್ರ ಜೀವಕ್ಕ ಬರ್ತೈತಿ."

"ಸೆರಗ ಸುತ್ತಿಕೊಂಡು ಕುಂದರ್ತೀನಪಾ."

"ಬ್ಯಾಡ. ನಿನ್ನ ಛಲೋಕ್ಕ ಹೇಳಾಕತ್ತೀನಿ."

ಉಡಚಮ್ಮ ಕಲ್ಲಿನಿಂದ ಇಳಿದಳು. "ಹೌದಲ್ಲ, ಟಂಟಂ ಬರ್ತಾವ ಬಿಡು," ಅಂದಳು. ಸಿಟ್ಟು ಮಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಸಿಟ್ಟು ಮಾಡಲಿಲ್ಲ.

ಟಂಟಂ ಬರುತ್ತಿದ್ದವು. ತುಂಬಿಕೊಂಡು ಬಂದವು ನಿಲ್ಲುತ್ತಿರಲಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರಿತು. ಆ ಶನಿವಾರ ಅರ್ಧ ದಿನದ ಸಾಲಿ. ಗಾಳೇಶನಿಗೆ ರಜೆ. ಕೊಪ್ಪಳದಲ್ಲಿ ಹನಮೇಶ ಕಾಯುತ್ತಿದ್ದ, ಅಲ್ಲಿಂದ ಇಬ್ಬರೂ ಗಂಗಾವತಿ ಮೇಲೆ ಆನೆಗೊಂದಿಗೆ. ಮಧ್ಯಾಹ್ನ ಬೇವೂರು ಬಿಟ್ಟ. ರಸ್ತೆಯ ಮೇಲೆ ಝಳ ನೀರಿನ ಹಾಗೆ ಕುಣಿಯುತ್ತಿತ್ತು. ಆಲದ ಮರ ಹತ್ತಿರವಾದಾಗ, ರಸ್ತೆಯ ಆಚೆ ಬದಿಗೆ, ಬಾವಿಯ ಕಟ್ಟೆಗೆ ಒರಗಿ ಉಡಚಮ್ಮ ಕೂತಿದ್ದಳು. ಚಪ್ಪಲಿ ಬಿಟ್ಟಿದ್ದಳು. ಚೀಲ ಪಕ್ಕಕ್ಕೆ.

ಅವಳು ಕೈ ಎತ್ತಿದಳು. ಪೂರ್ತಿ ಅಲ್ಲ, ಭುಜದ ಮಟ್ಟಕ್ಕೆ.

ಗಾಳೇಶ ನೋಡಿದ. ಕೂರಿಸಿಕೊಂಡರೆ ಹಿಂತಿರುಗಿ ಊರಿಗೆ ಬಿಡಬೇಕು. ಮತ್ತೆ ಬರಬೇಕು. ಗಾರ್ಡಿಲ್ಲ ಎಂದು ತಾನೇ ಹೇಳಿದ್ದಾನೆ, ಇವತ್ತು ಹತ್ತಿಸಿಕೊಂಡರೆ ನಾಳೆಯೂ ಹತ್ತಿಸಿಕೊಳ್ಳಬೇಕು… ಇಷ್ಟೆಲ್ಲ ಯೋಚಿಸಲು ಅವನಿಗೆ ಹೊತ್ತಿತ್ತು. ಹೆಲ್ಮೆಟ್ಟಿನ ಗಾಜು ಕೆಳಗೆಳೆದ. ಟಪ್. ಎಕ್ಸಲರೇಟರ್ ತಿರುವಿದ.

ಸಂಜೆ ಆನೆಗೊಂದಿಯ ಬಂಡೆಯ ಮುಂದೆ ಗಾಡಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವಾಗ ತಾಯಿಯ ಫೋನ್ ಬಂತು. "ಉಡಚವ್ವ ಹೋದ್ಲೋ ಗಾಳೇಶ… ಕುಂತಲ್ಲೇ ಹೋಗ್ಯಾಳ. ಬಿಸಲಿನ ಝಳ ಬಡದೈತಿ ಅಂತಾರ. ಒಂದ ಹನಿ ನೀರ ಬಿಡಾಕ ಯಾರೂ ಇರಲಿಲ್ಲೋ."

ಮಣ್ಣು ಮಾಡಿ ಬಂದ ಮೇಲೆ ಹುಲಿಗವ್ವ ಕೇಳಿದಳು. "ನೀ ಅದ ದಾರೀಲೇ ಹೋದಿ. ಕಾಣಲಿಲ್ಲೇನೋ?"

"ಹೆಲ್ಮೆಟ್ ಹಾಕ್ಕೊಂಡಿದ್ನೆವ್ವ," ಅಂದ. ಅವಳು ನಂಬಿದಳು. ನಂಬದಿರಲು ಏನಿತ್ತು?

ಈಗ ಆ ಬಾವಿ. ಆ ಕಟ್ಟೆ. ತಿರುಗಿ ನೋಡಲು ಆಗಲಿಲ್ಲ. ಕನ್ನಡಿ ನೋಡಿದ. ಕನ್ನಡಿಯಲ್ಲಿ ರಸ್ತೆ ಇತ್ತು, ಆಲದ ಬಿಳಲು ಇತ್ತು. ಮತ್ತೇನೂ ಇರಲಿಲ್ಲ.

"ಚಿಗವ್ವಾ…"

"ಹೂಂ."

"ಅವತ್ತ…"

"ಅವತ್ತ ಭಾಳ ಝಳ ಇತ್ತಪಾ." ಪಿಸುಮಾತು ಕಿವಿಯ ಹತ್ತಿರ ಬರಲಿಲ್ಲ. ಅವಳು ಯಾವಾಗಲೂ ಕೂರುತ್ತಿದ್ದ ಅಂತರದಲ್ಲೇ ಇತ್ತು, ಅಂಗಿ ಸುಕ್ಕಾಗದಷ್ಟು ಹಿಂದೆ. "ನೀ ಹೋಗೂದ ನೋಡ್ದೆ. ಕೈ ಮಾಡ್ದೆ. ಹೆಲ್ಮೆಟ್ ಹಾಕ್ಕೊಂಡಿದ್ದಿ… ನಿನಗ ಕಂಡಿರಲಿಕ್ಕಿಲ್ಲ."

ಮಾಳಿಗೆಯ ಮೇಲೆ ಗಾಳೇಶ ಹೇಳಿದ, ಅದು ಪ್ರಶ್ನೆ ಕೇಳಿದ ಹಾಗೂ ಇತ್ತು, ಮಾಫ್ ಮಾಡಿದ ಹಾಗೂ ಇತ್ತು ಅಂತ. ಕಂಡಿದ್ದೆ ಚಿಗವ್ವಾ… ಇಷ್ಟೇ ಅನ್ನಬೇಕಿತ್ತು. ನಾಲಿಗೆ ಒಣಗಿತ್ತು, ಆದರೆ ಮಾತಾಡಲು ಬಾರದಷ್ಟೇನೂ ಒಣಗಿರಲಿಲ್ಲ.

"ಹೂಂ ಚಿಗವ್ವಾ," ಅಂದ. "ಕಾಣಲಿಲ್ಲ."

ಬಾವಿಯೊಳಗೆ ಒಂದು ಕಪ್ಪೆ ನೀರಿಗೆ ಬಿತ್ತು. ಡುಬುಕ್.

ಮತ್ತೆ ಬಟನ್ ಒತ್ತಿದ. ಒಂದೇ ಸಲಕ್ಕೆ ಗಾಡಿ ಚಾಲೂ ಆಯಿತು. ಊರವರೆಗೂ ನಡಿಗೆಯ ವೇಗದಲ್ಲೇ ಬಂದ. ಗುಂಡಿ ಬಂದಲ್ಲೆಲ್ಲ ಮುಚ್ಚಳ ಟಣ್ ಅಂದಿತು. ಮಾತು ಮಾತ್ರ ಬರಲಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಹಿಂದೆ ನೋಡದೆ ಒಳಗೆ ಹೋಗಿ ಚಾದರ ಹೊದ್ದುಕೊಂಡ.

ಆಮೇಲೆ ಆ ಸಪ್ಪಳವೂ ಕೇಳಲಿಲ್ಲ. ವಾಸನೆಯೂ ಬರಲಿಲ್ಲ. ಒಬ್ಬನೇ ಹೋದ, ಒಬ್ಬನೇ ಬಂದ. ಅವಳು ಹೋದಳು ಅಂದುಕೊಂಡ. ಹಾಗೆ ಅಂದುಕೊಂಡ ಮೇಲೆಯೇ ನಿದ್ದೆ ಪೂರ್ತಿ ಕೆಟ್ಟಿತು. ಒಮ್ಮೆ ಕೇಳಿದಳು, ಎರಡನೇ ಸಲ ಕೇಳಲಿಲ್ಲ… ಟಂಟಂ ಬರ್ತಾವ ಬಿಡು ಅಂದ ಹಾಗೆಯೇ.

ಮಳೆಗಾಲಕ್ಕೆ ಮುಂಚೆ ಕಿತ್ತಳೆ ಗಾಡಿಯನ್ನು ತಾವರಗೇರಾದ ಯಮನೂರ ಎಂಬ ಹುಡುಗನಿಗೆ ಮಾರಿದ. ಗಾಡಿ ಹೊಸದು, ಯಾಕೆ ಕೊಡ್ತೀರಿ ಅಂದದ್ದಕ್ಕೆ, ಸೊಂಟ ನೋಯ್ತೈತಿ ಅಂದ. ಅದೇ ಶೋರೂಮಿಗೆ ಹೋಗಿ ಆ ಕಪ್ಪು ಗಾಡಿ ತಂದ. ಉದ್ದ ಸೀಟು. ತಗ್ಗು. ದೊಡ್ಡದೊಂದು ಸೀರೆ ಗಾರ್ಡು. ಹನಮೇಶ ನೋಡಿ, "ಮದುವಿ ಗೊತ್ತಾಗೈತೇನೋ, ಈಗಿಂದ ಸಂಸಾರದ ಗಾಡಿ ತಂದಿ?" ಅಂದ. ಗಾಳೇಶ ಗಾರ್ಡಿನ ಧೂಳು ಒರೆಸಿದ.

ದಿನಾ ಕೋರ್ಟಿನಿಂದ ಬರುವಾಗ ಬಾವಿಯ ಕಟ್ಟೆಯ ಪಕ್ಕಕ್ಕೆ ಆ ಗಾಡಿ ನಿಲ್ಲಿಸುತ್ತಿದ್ದ. ಎಂಜಿನ್ ಆರಿಸಿ, ಎರಡೂ ಕಾಲು ನೆಲಕ್ಕೂರಿ, ಸ್ಪ್ರಿಂಗು ಕುಸಿಯುವುದನ್ನು ಕಾಯುತ್ತಿದ್ದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿರುತ್ತಿದ್ದ.

"ಹತ್ತ ಚಿಗವ್ವಾ. ಕಲ್ಲ ಬೇಕಾಗಿಲ್ಲ, ತಗ್ಗ ಐತಿ."

ಯಾರೂ ಹತ್ತಲಿಲ್ಲ.

ಶ್ರಾವಣದಲ್ಲಿ ಯಮನೂರ ಫೋನ್ ಮಾಡಿದ. "ಅಣ್ಣಾ, ಗಾಡಿ ಬಗ್ಗೆ ಕೇಳೂದಿತ್ತು. ಒಂದ್ಸಲ ತಾವರಗೇರಾಕ ಬರ್ತೀರೇನು?" ಗಾಳೇಶ ರವಿವಾರ ಹೋದ. ಮದಾರಸಾಬ ಎಂಬವರ ಪಂಕ್ಚರ್ ಅಂಗಡಿಯ ಮುಂದೆ ಕಿತ್ತಳೆ ಗಾಡಿ ನಿಂತಿತ್ತು, ಪಕ್ಕದಲ್ಲಿ ಹಿಂದಿನ ಗಾಲಿಯಿಂದ ಮೊದಲೇ ಬಿಚ್ಚಿಟ್ಟ ಹಳೆ ಟೈರು.

"ಇದು ನಿಮ್ಮ ಕಾಲದ್ದು," ಅಂದ ಯಮನೂರ. "ನೋಡ್ರಿ, ಎಡಕ್ಕಷ್ಟ ಸವದೈತಿ. ಗಾಲಿ ಅಲೈನ್ಮೆಂಟ್ ಸರಿ ಐತಿ, ಮದಾರಸಾಬರು ಎರಡ ಸಲ ನೋಡ್ಯಾರ. ಹಿಂದ ಯಾರರ ಒಂದ ಕಡೆ ಕಾಲ ಹಾಕಿ ದಿನಾ ಕುಂತ್ರ ಹಿಂಗ ಆಗ್ತೈತಿ ಅಂತಾರ. ಯಾರನ್ನ ಕುಂದ್ರಸ್ತಿದ್ರಿ ಅಣ್ಣಾ?"

ಗಾಳೇಶ ಟೈರು ನೋಡಿದ. ಕಿತ್ತಳೆ ಗಾಡಿಯ ಎತ್ತರದ ಸೀಟು ನೋಡಿದ.

"ಯಾರನ್ನೂ ಕುಂದ್ರಸಲಿಲ್ಲ," ಅಂದ.

"ನಾನೂ ಒಬ್ಬನ ಅಡ್ಡಾಡೂದು," ಅಂದ ಯಮನೂರ. ಬಗ್ಗಿ, ಹೋದ ತಿಂಗಳು ಗಾಡಿಗೆ ಹಾಕಿಸಿದ ಹೊಸ ಟೈರಿನ ಮೇಲೆ ಬೆರಳಿಟ್ಟು ತೋರಿಸಿದ.

ಸುಳ್ಳು ಅನ್ನುವವರು ತಾವರಗೇರಾಕ್ಕೆ ಹೋಗಿ ಯಮನೂರನ ಗಾಡಿ ನೋಡಬಹುದು, ಅವನೇನೂ ಮುಚ್ಚಿಡುವುದಿಲ್ಲ. ಹೊಸ ಟೈರು ಅದು. ಬಲಗಡೆ ಕಂಪನಿಯಿಂದ ಬಂದ ರಬ್ಬರಿನ ಕೂದಲು ಇನ್ನೂ ಹಾಗೇ ನಿಂತಿವೆ. ಎಡಗಡೆ ಬೋಳು.