ಗುಡಿಗೆ ಹಚ್ಚಿದ ಸುಣ್ಣ

ಕಲಘಟಗಿಯ ಚಿಮಣಿ ಎಣ್ಣೆ ಅಂಗಡಿಯ ಪಾಳಿ ಹುಬ್ಬಳ್ಳಿ ಮುಟ್ಟಿ ತಿರುಗಿ ಬರುವಷ್ಟು ಉದ್ದವಿತ್ತು. ಅದರಲ್ಲಿ ನಿಂತ ಬಾಳಕೃಷ್ಣ ಮಾಸ್ತರರ ಕಿವಿಗಳು, ಮುಂದಿದ್ದ ದುಂಡವ್ವ, ಸಣ್ಣವ್ವರ ಮಾತಿಗೆ ಮೊರದಗಲವಾದವು.

“ನಿಮ್ಮೂರ ಹಳೇ ಗುಡಿ ನೋಡಾಕ ಪ್ಯಾಟಿ ಮಂದಿ ಬಂದ್ರೇನ, ದುಂಡವ್ವಾ?”

“ಎಲ್ಲಿ ಬರ್ತಾರ? ಅವರು ಬರ್ತಾರಂತ ಊರೆಲ್ಲಾ ಕೂಡಿ ಗುಡಿಗೆ ಸುಣ್ಣಾ ಹಚ್ಚಿದ್ವಿ. ಕೆತ್ತಿದ ಕಲ್ಲೆಲ್ಲಾ ಮುಚ್ಚಿತಂತ ಹಳೇ ಗುಡಿ ನೋಡ್ಕೊಳ್ಳೂ ಸರಕಾರಿ ಸಾಹೇಬ್ರು ತಲಿ ಹಿಡ್ಕೊಂಡು ಕುಂತ್ರು.”

“ಅಯ್ಯ, ಬೀಗರು ಬರೂಮುಂದ ಸುಣ್ಣಾ ಹಚ್ಚೂದಿಲ್ಲೇನು?”

“ನಾನೂ ಅದನ್ನ ಕೇಳಿದೆ. ಸುಣ್ಣಾ ಹೋದ ಮ್ಯಾಲ ಮಂದಿನ್ನ ಕರಸ್ತೇವಿ ಅಂದ್ರು. ಈಗ ಆಳುಗಳು ಹಲ್ಲುಜ್ಜೂ ಬ್ರಶ್ ಹಿಡ್ಕೊಂಡು ಗುಡಿ ತಿಕ್ಕಾಕತ್ತಾರ.”

“ಹಂಗಾರ ಪ್ಯಾಟಿ ಮಂದಿ ನಂಬಿ ಇಟ್ಟ ನಿನ್ನ ಮಿರ್ಚಿ ಭಜಿ ಅಂಗಡಿ ಮುಳುಗಿತನ್ನು.”

“ಯಾಕ ಮುಳಗ್ತೈತಿ? ತಿಕ್ಕೋರಿಗೆ ಹಸಿವಿಲ್ಲೇನು? ಬುಟ್ಟಿ ಬುಟ್ಟಿ ತಿಂತಾರ. ಸ್ಟೋ ಆರೂದ ಇಲ್ಲ.”

“ಸುಣ್ಣಾ ಹೋಗೂತನಕ ಅಷ್ಟ ಅಲ್ಲೇನ ಬೇ?”

ಅಷ್ಟರಲ್ಲಿ ಇಬ್ಬರ ಡಬ್ಬಿಗಳೂ ತುಂಬಿದವು. ದುಂಡವ್ವ ತನ್ನದನ್ನು ತಲೆಗೇರಿಸಿಕೊಂಡಳು.

“ಅದಕ್ಕ ದಿನಾ ಹೇಳ್ತೇನಿ, ಸಾವಕಾಶ ತಿಕ್ಕರೆಪಾ, ಮುತ್ತ್ಯಾನ ಕಾಲದ ಕಲ್ಲು ನೊಂದೀತು ಅಂತ. ಗುಡಿ ಮ್ಯಾಲ ಇಷ್ಟು ಕಾಳಜಿ ಯಾರಿಗೂ ಇಲ್ಲಂತ ಸಾಹೇಬ್ರು ನನ್ನ ಹೊಗಳ್ಯಾರ. ನಡಿ, ಹಿಟ್ಟು ಕಲಸೂದೈತಿ.”