ಸದ್ದು ಮಾಡಬೇಡಿ ಎಂದವಳ ಬೀಳ್ಕೊಡುಗೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯೋಪಾಧ್ಯಾಯಿನಿ ಶ್ರೀಮತಿ ಸಾಲಿನಾಸ್ ಅವರೇ, ಶಾಲಾ ಮಂಡಳಿಯ ಗೌರವಾನ್ವಿತ ಸದಸ್ಯರೇ, ಬೀಸಣಿಗೆ ಬೀಸುತ್ತಾ ಮುಂದಿನ ಸಾಲು ಹಿಡಿದಿರುವ ಅಜ್ಜಿಯಂದಿರೇ, ಮತ್ತು ಚಪ್ಪಾಳೆ ಯಾವಾಗ ತಟ್ಟಬೇಕೆಂದು ನನ್ನ ಮುಖವನ್ನೇ ನೋಡುತ್ತಿರುವ ಪ್ರೀತಿಯ ಸಭಿಕರೇ,

ಮೂವತ್ತೊಂದು ವರ್ಷ ಈ ಶಾಲೆಯಲ್ಲಿ ಸಂಗೀತ ಕಲಿಸಿದ ಒರ್ತೆನ್ಸಿಯಾ ಕಾವಾಸೋಸ್ ಎಂಬ ನನ್ನನ್ನು ಇವತ್ತು ಹೊಗಳಿದ್ದೇ ಹೊಗಳಿದ್ದು. ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಿದವಳಂತೆ ನಾನು! ಮೇಡಂ, ನನ್ನ ಸ್ಪ್ಯಾನಿಷ್ ಎಷ್ಟೆಂದು ನಿಮಗೆ ಗೊತ್ತಿಲ್ಲವೇ? ಊಟ ಕೇಳುವಷ್ಟು, ಬೈದರೆ ಅರ್ಥವಾಗುವಷ್ಟು. ನಾನು ಓದುವಾಗ ಟೆಕ್ಸಸ್ಸಿನ ಈ ಗಡಿನದಿಯ ದಂಡೆಯ ಶಾಲೆಗಳಲ್ಲಿ ನಮ್ಮ ಮನೆಮಾತಾದ ಸ್ಪ್ಯಾನಿಷ್ ಆಡಿದರೆ ಏಟು ಬೀಳುತ್ತಿತ್ತು. ನಾನು ಬಹಳ ಒಳ್ಳೆಯ ಹುಡುಗಿ, ಬೇಗ ಮರೆತೆ.

ನನ್ನ ತರಗತಿಯ ಮಕ್ಕಳು ಹಾಗಲ್ಲ. ಬಿದ್ದರೆ ಸ್ಪ್ಯಾನಿಷಿನಲ್ಲಿ ಅಳುತ್ತಾರೆ, ತಳ್ಳಿದವನ ಮೇಲೆ ಇಂಗ್ಲಿಷಿನಲ್ಲಿ ದೂರು ಹೇಳುತ್ತಾರೆ. ತಾಳ ಎಣಿಸಿ ಎಂದರೆ ಅರ್ಧ ತರಗತಿ 'ಒನ್, ಟೂ', ಇನ್ನರ್ಧ 'ಉನೊ, ದೋಸ್'. ಆದರೂ ನಾಲ್ಕಕ್ಕೆ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಿದ್ದರು. ಮೂರರಲ್ಲೇ ಉಳಿದುಕೊಂಡವಳು ನಾನೊಬ್ಬಳೇ.

ಹಾಗಾದರೆ ನಾನು ಕಲಿಸಿದ್ದಾದರೂ ಏನು? ಮಕ್ಕಳಿಗೆ ಮೊದಲೇ ಹಾಡು ಬರುತ್ತಿತ್ತು, ತಾಳ ಬರುತ್ತಿತ್ತು. ನಾನು ಕಲಿಸಿದ್ದು ಅವರ ಮನೆಯವರಿಗೆ, ಸುಮ್ಮನಿರುವುದನ್ನು.

ನಮ್ಮವರ ಮದುವೆಯಲ್ಲಿ, ಹುಟ್ಟುಹಬ್ಬದಲ್ಲಿ ಯಾರಾದರೂ ಮನಸ್ಸು ಕಲಕುವ ಹಾಗೆ ಹಾಡಿದರೆ ಕೇಳುವವರು ಏನು ಮಾಡುತ್ತಾರೆ? ತಲೆ ಹಿಂದಕ್ಕೆಸೆದು 'ಆ-ಆ-ಆಯ್!' ಎಂದು ಒಂದು ಕೂಗು ಎಳೆಯುತ್ತಾರೆ. ಅದಕ್ಕೆ ಗ್ರೀತೊ ಎನ್ನುತ್ತೇವೆ. ಅರ್ಧ ಅಳು, ಅರ್ಧ ನಗು. ಅದು ಬಿದ್ದರೆ ಹಾಡಿದವರಿಗೆ ಬೇರೆ ಬಹುಮಾನ ಬೇಕಿಲ್ಲ. ಆ ಕೂಗನ್ನು ನಾನು ಈ ಸಭಾಂಗಣದಲ್ಲಿ ನಿಷೇಧಿಸಿದೆ. 'ಸದ್ದು ಮಾಡಬೇಡಿ' ಎಂದು ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿ ಹಂಚಿದೆ. ಸ್ಪ್ಯಾನಿಷಿನದ್ದನ್ನು ಕಸ ಗುಡಿಸುವ ದೋನ್ ಬೆತೊ ತಿದ್ದಿಕೊಟ್ಟರು. "ಮಿಸ್, ಇದು ಆಸ್ಪತ್ರೇಲಿ ಹಾಕೋದಲ್ವಾ?" ಎಂದು ಕೇಳಿದ್ದರು ಪಾಪ.

ಇಪ್ಪತ್ನಾಲ್ಕು ವರ್ಷದ ಹಿಂದೆ ಯಾದಿರಾ ಎಂಬ ಎಂಟು ವರ್ಷದ ಹುಡುಗಿ ಇಲ್ಲೇ ಒಂಟಿಯಾಗಿ ಹಾಡಿದಳು. ಎಂಥ ಕಂಠ ಅಂತೀರಿ! ಎದುರಿಗೆ ಅವಳ ತಾತ. ಎರಡನೇ ಚರಣಕ್ಕೆ ಆ ಮುದುಕ ಟೋಪಿ ತೆಗೆದ, ಎದೆ ತುಂಬ ಉಸಿರೆಳೆದ. ನಾನು ಪಿಯಾನೊ ಬಿಡದೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟೆ. ಆತ ಬಾಯಿಗೆ ಬಂದ ಕೂಗನ್ನು ನುಂಗಿಕೊಂಡ. ಪಿಯಾನೊ ಒಂದೇ ಕೈಯಲ್ಲಿ ನಡೆಸಿದೆನಲ್ಲ ಎಂದು ಆಗ ನನಗೆ ಹೆಮ್ಮೆ.

ಪರದೆಯ ಹಿಂದೆ ಮಗು ಕೇಳಿತು: "ಮಿಸ್, ನಾನು ಚೆನ್ನಾಗಿ ಹಾಡ್ಲಿಲ್ವಾ?"

"ತುಂಬಾ ಚೆನ್ನಾಗಿ ಹಾಡಿದೆ."

"ಮತ್ತೆ ತಾತ ಯಾಕೆ ಕೂಗ್ಲಿಲ್ಲ?"

"ಇದು ಸಂಗೀತ ಕಛೇರಿ, ಮದುವೆ ಮನೆಯಲ್ಲ" ಎಂದೆ. ಎಂಟು ವರ್ಷದ ಮಗುವಿಗೆ! ಮುಂದಿನ ವರ್ಷ ಅವಳು ಮೇಳದಲ್ಲಿ ಗಂಟೆ ಬಾರಿಸುತ್ತೇನೆ ಎಂದು ಹಿಂದಿನ ಸಾಲಿಗೆ ಹೋದಳು. ಮತ್ತೆ ಹಾಡಲಿಲ್ಲ. ನಾಚಿಕೆ ಸ್ವಭಾವ ಎಂದು ನಾನು ವರದಿಯಲ್ಲಿ ಬರೆದೆ.

ಇಷ್ಟೆಲ್ಲ ಎಲ್ಲಿಂದ ಕಲಿತೆ? ಇದನ್ನು ನಾನು ಚೀಟಿಯಲ್ಲಿ ಬರೆದುಕೊಂಡಿಲ್ಲ, ಆದರೂ ಬಾಯಿಗೆ ಬಂತು, ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನನ್ನ ಮೊದಲ ಕಛೇರಿಗೆ ಅಪ್ಪ ಬಂದಿದ್ದ. ತಾನು ದುಡಿಯುತ್ತಿದ್ದ ಹಣ್ಣು ತುಂಬುವ ಶೆಡ್ಡಿಗೆ ರಜೆ ಹಾಕಿ, ಆರು ತಾಸು ಬಸ್ಸಿನಲ್ಲಿ ಕೂತು. ನಾನು ಜರ್ಮನ್ ಹಾಡು ಹಾಡಿದೆ. ಒಂದಕ್ಷರ ತಿಳಿಯದ ಅಪ್ಪ ಹಿಂದಿನ ಸಾಲಿನಿಂದ ಕೂಗಿದ, ಸೂರು ಹಾರಿಹೋಗುವ ಹಾಗೆ. ಇಡೀ ಸಭೆ ತಿರುಗಿ ನೋಡಿತು. ಆಮೇಲೆ ಗೆಳತಿ ಕೇಳಿದಳು, "ಯಾರೇ ಅದು?" ನಾನು "ಗೊತ್ತಿಲ್ಲ" ಎಂದೆ. ಅಪ್ಪ ಪಕ್ಕದಲ್ಲೇ ನಿಂತಿದ್ದ. ಅಷ್ಟು ಇಂಗ್ಲಿಷ್ ಅವನಿಗೆ ಬರುತ್ತಿತ್ತು. ಆಮೇಲೂ ನನ್ನ ಎಲ್ಲ ಕಛೇರಿಗಳಿಗೆ ಬಂದ, ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದ. ಅಪ್ಪನಿಗೆ ಶಿಸ್ತು ಬಂತು ಎಂದುಕೊಂಡೆ ನಾನು, ಪದವೀಧರೆ.

ಇರಲಿ. ಈ ವರ್ಷ ಒಂದನೇ ತರಗತಿಗೆ ಇಟ್ಸೆಲ್ ಬಂದಳು, ಯಾದಿರಾಳ ಮಗಳು. ಅದೇ ಕಂಠ. ಆದರೆ ಅರ್ಜಿಯಲ್ಲಿ ಅವಳಮ್ಮ ಬರೆದಿದ್ದಳು: ವೇದಿಕೆ ಮೇಲೆ ಹಾಡಿಸಬೇಡಿ. ಯಾದಿರಾ ಈಗ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಹೋಗಿ ಕುರ್ಚಿಯಲ್ಲಿ ಕೂತೆ. ಕಿವಿಯ ಪಕ್ಕ ಕತ್ತರಿ ಆಡುವಾಗ ಕ್ಷಮೆ ಕೇಳಿದೆ. ಬೇರೆಯವರು ಇಂಥ ಜಾಗ ಆರಿಸಿಕೊಳ್ಳುವುದಿಲ್ಲ.

"ಅವಳು ಮನೇಲಿ ಹಾಡ್ತಾಳೆ ಮಿಸ್. ಮನೇಲಿ ಕೂಗೋರಿದಾರೆ," ಎಂದಳು. ಕತ್ತರಿ ನಿಲ್ಲಲಿಲ್ಲ. "ಶಾಲೇಲಿ ಹಾಡಿದ್ರೆ ನೀವು ಕೂಗ್ತೀರಾ?"

"ನಾನಾ?"

"ಮತ್ಯಾರು? ತಾತ ಹೋಗಿಬಿಟ್ರು. ಸಾಯೋವರೆಗೂ ಹೇಳ್ತಿದ್ರು, ಆವತ್ತು ಕೂಗಬೇಕಿತ್ತು ಕಣೇ, ಆ ಟೀಚರಿಗೆ ಹೆದರಿಬಿಟ್ಟೆ ಅಂತ."

ಒಪ್ಪಿಕೊಂಡು ಬಂದೆ. ಒಂದು ತಿಂಗಳಿಂದ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಗಾಜು ಏರಿಸಿ ಅಭ್ಯಾಸ ಮಾಡುತ್ತಿದ್ದೇನೆ. ಕಾವಲುಗಾರ ಎರಡು ಸಲ ಗಾಜು ತಟ್ಟಿ "ಅಮ್ಮಾ, ಹೊಟ್ಟೆನೋವಾ?" ಎಂದು ಕೇಳಿದ್ದಾನೆ. ಸಂಗೀತದಲ್ಲಿ ಪದವಿ ಪಡೆದ ಗಂಟಲು ನೋಡಿ, ಈ ಒಂದು ಸದ್ದು ಹೊರಡುತ್ತಿಲ್ಲ.

ಇದೀಗ ಇಟ್ಸೆಲ್ ಹಾಡುತ್ತಾಳೆ. ಪರದೆಯ ಸಂದಿಯಿಂದ ಇಣುಕುತ್ತಿದ್ದಾಳೆ, ನೋಡಿ. ಪುಟ್ಟೀ, ಹೆದರಬೇಡ ಕಣಮ್ಮಾ, ನಿನಗಿಂತ ಹೆಚ್ಚು ನಡುಕ ನನಗಿದೆ. ಎರಡನೇ ಚರಣಕ್ಕೆ ನಾನು ಎದ್ದು ನಿಲ್ಲುತ್ತೇನೆ. ನನ್ನ ಕೂಗು ಒಡೆದುಹೋದರೆ ದಯವಿಟ್ಟು ಯಾರಾದರೂ ಎತ್ತಿಕೊಳ್ಳಿ. ಆ ಮಗು ಕಾಯುತ್ತಾ ನಿಲ್ಲಬಾರದು.

ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡಿರಿ, ಅದಕ್ಕೆ ವಂದನೆಗಳು. ಸುಮ್ಮನಿರಿ ಎಂದಾಗ ನನ್ನ ಮಾತು ಕೇಳಿದಿರಿ, ಅದಕ್ಕೆ ಕ್ಷಮೆಯಿರಲಿ. ನಮಸ್ಕಾರ.