ಸೌಟಿನ ಒಂದೇಟು

ಹೃದಯದ ಸ್ಕ್ಯಾನಿಂಗಿಗೆ ಸೌಟು ತಂದವರನ್ನು ದರ್ಜಿ ಇದುವರೆಗೆ ಕಂಡಿರಲಿಲ್ಲ. ಪಕ್ಕದ ಬೆಂಚಿನಲ್ಲಿದ್ದ ಹಾಸ್ಟೆಲ್ ಅಡುಗೆಯಾಕೆಯ ಚೀಲದಿಂದ ಅದು ಇಣುಕುತ್ತಿತ್ತು. ಜೊತೆಗಿದ್ದ ಮಗಳಿಗೆ ಪ್ರಯೋಗಾಲಯದಲ್ಲಿ ಕೆಲಸವಂತೆ. ತನ್ನ ಸರದಿ ಬರುವ ತನಕ ದರ್ಜಿ ಕಿವಿಯನ್ನು ಅತ್ತಲೇ ಬಿಟ್ಟ.

"ಎದೆಗೆ ಬಲ ಬರ್ಲಿ ಅಂತ ಕ್ಯಾಲ್ಸಿಯಂ ಮಾತ್ರೆ ಎರಡೆರಡು ನುಂಗ್ತಿದೀನಿ ಕಣೇ."

"ಅಯ್ಯೋ ಅಮ್ಮಾ! ಅದು ಮೂಳೆಗೆ ಕೊಟ್ಟಿದ್ದು, ಹೇಳಿದಷ್ಟೇ ತಗೋ. ಎದೇಲಿ ಕ್ಯಾಲ್ಸಿಯಂ ಕೆಲಸಾನೇ ಬೇರೆ. ನೀನು ಪಾತ್ರೆಗೆ ಸೌಟು ಬಡೀತೀಯಲ್ಲ, ಹಾಗೆ."

"ನಾನು ಬಡಿದ್ರೆ ಬಡಿಸೋರೂ ಓಡ್ತಾರೆ, ಒಲೆಯವರೂ ಉರಿ ಏರಿಸ್ತಾರೆ."

"ಅದೇ ಮತ್ತೆ! ಪ್ರತಿ ಬಡಿತಕ್ಕೂ ಹೃದಯದ ಕಣದೊಳಗೆ ಕ್ಯಾಲ್ಸಿಯಂ ಏರಿ, ಹಿಂಡು ಅನ್ನುತ್ತೆ. ಅದೇ ಏಟಿಗೆ ಮೈಟೋಕಾಂಡ್ರಿಯಾ ಅನ್ನೋ ಒಲೆಗಳೂ ಉರಿ ಏರಿಸ್ತವೆ."

"ಬಿಡುವೇ ಕೊಡದೆ ಬಡೀತಿದ್ರೆ?"

"ಆ ಒಲೆಗಳೇ ಊದ್ಕೊಂಡು ಒಡೆದುಹೋಗ್ತವೆ."

ಅಡುಗೆಯಾಕೆ ಇಣುಕುತ್ತಿದ್ದ ಸೌಟನ್ನು ಚೀಲದೊಳಕ್ಕೆ ತಳ್ಳಿದರು.

"ಅದ್ಸರಿ, ಸೌಟು ಯಾಕಮ್ಮಾ ತಂದೆ?"

"ನಾನಿಲ್ದಾಗ ಇನ್ಯಾರೂ ಬಡೀಬಾರ್ದು ಅಂತ."

"ಹಾಗಾದ್ರೆ ಇವತ್ತು ಅಲ್ಲಿ ಊಟ?"

"ನಡೀತಿರುತ್ತೆ ಬಿಡು."

ನರ್ಸ್ ಕರೆದಳು. ಅಡುಗೆಯಾಕೆ ಎದ್ದು ಸೌಟನ್ನು ಮಗಳ ಕೈಗಿಟ್ಟರು.

"ಹೋಗ್ತಾ ಇದನ್ನ ನಮ್ಮ ಒಲೆಯವಳಿಗೆ ಕೊಟ್ಬಿಡು."

ಬಾಗಿಲ ಹತ್ತಿರ ಹೋದವರು ತಿರುಗಿ ನೋಡಿದರು.

"ಒಂದೇ ಏಟು ಸಾಕು ಅನ್ನು ಅವಳಿಗೆ."